ಐನೂರ ಒಂದನೇ ಪ್ರತಿ

ಗದ್ದೆಬಯಲು ಪ್ರಕಾಶನದ ಅರವತ್ತಮೂರು ಪುಸ್ತಕಗಳನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದ ಪ್ರಾಣಿ ಈ ಭೂಮಿಯ ಮೇಲೆ ಒಂದೇ ಒಂದಿದೆ, ಅದು ನಾನು. ಇಷ್ಟಪಟ್ಟು ಓದಿದ್ದಲ್ಲ. ಸಕಲೇಶಪುರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಬೆಳಿಗ್ಗೆ ಪಹಣಿ ತಿದ್ದುಪಡಿಯ ಅರ್ಜಿ, ಮಧ್ಯಾಹ್ನ ಅಫಿಡವಿಟ್ಟು, ಉಳಿದ ಹೊತ್ತಿನಲ್ಲಿ ಯೋಗಣ್ಣನ ಪುಸ್ತಕ. ಟೈಪ್ ಮಾಡುವಾಗ ಕಣ್ಣು ಮುಚ್ಚಿಕೊಳ್ಳಲು ಆಗುವುದಿಲ್ಲವಲ್ಲ, ಹಾಗಾಗಿ ಓದಿದೆ. ಬರೆದವರೇ ತಮ್ಮ ಪುಸ್ತಕ ಓದುವುದಿಲ್ಲ ಎಂಬುದಕ್ಕೆ ನನ್ನಲ್ಲಿ ಪುರಾವೆ ಇದೆ. ಒಬ್ಬರ ಕಾದಂಬರಿಯಲ್ಲಿ ನಾಲ್ಕನೇ ಅಧ್ಯಾಯದಲ್ಲಿ ಸತ್ತ ಮಾವ ಹನ್ನೊಂದನೇ ಅಧ್ಯಾಯದಲ್ಲಿ ಬಂದು ಕಾಫಿ ಕುಡಿದು ಹೋದ. ಕರಡನ್ನು ಮೂರು ಸಲ ನೋಡಿಯೂ ಆ ಮಹಾನುಭಾವರಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.

ಆ ಪ್ರಕಾಶನದ ಒಡೆಯ, ಸಂಪಾದಕ, ಹಮಾಲಿ, ಮಾರಾಟಗಾರ ಎಲ್ಲವೂ ಆಗಿರುವವನು ಯೋಗಾನಂದ. ಆಲೂರು ತಾಲ್ಲೂಕಿನ ಮಗ್ಗೆಯವನು, ಈಗ ಐವತ್ತೇಳು ವರ್ಷ. ನಾನು ಯೋಗಣ್ಣ ಎನ್ನುತ್ತೇನೆ. ಅಣ್ಣ ಎಂದ ಮಾತ್ರಕ್ಕೆ ಗೌರವ ಇದೆ ಎಂದು ಯಾರೂ ತಿಳಿಯಬೇಡಿ. ನಸ್ರುಲ್ಲಾ ಸಾಹೇಬರ ಕಾಫಿ ಮಂಡಿಯ ಮಹಡಿಯಲ್ಲಿ ಅವನಿಗೊಂದು ಕೋಣೆ. ಕೆಳಗೆ ಕಾಫಿ ಮೂಟೆ, ಮೇಲೆ ಪುಸ್ತಕದ ಕಟ್ಟು. ಕೆಳಗಿನದು ವಾರಕ್ಕೊಮ್ಮೆ ಖಾಲಿಯಾಗುತ್ತದೆ. ಮೇಲಿನದು ಖಾಲಿಯಾದದ್ದನ್ನು ನಾನು ಕಂಡಿಲ್ಲ.

ಏನು ಪ್ರಕಟಿಸುತ್ತಾನೆ ಎಂದು ಕೇಳಬೇಡಿ, ಏನು ಪ್ರಕಟಿಸುವುದಿಲ್ಲ ಎಂದು ಕೇಳಿ. ಅದಕ್ಕೆ ಉತ್ತರ ಸುಲಭ, ಯಾವುದೂ ಇಲ್ಲ. ಕಾಳುಮೆಣಸಿನ ಬಳ್ಳಿಗೆ ಕಸಿ ಕಟ್ಟುವ ಕೈಪಿಡಿ ಇದೆ, ಅದೊಂದು ಉಪಯೋಗದ ಪುಸ್ತಕ, ಒಪ್ಪುತ್ತೇನೆ. ಅದರ ಮಗ್ಗುಲಲ್ಲೇ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ತೊಂಬತ್ತು ಕವನ, ಅದರಲ್ಲಿ ಎಂಬತ್ತೆರಡು ಚಂದ್ರನ ಮೇಲೆ. ಬಿಸಿಲೆಯ ಕಡೆ ಅರಣ್ಯ ವಾಚರ್ ಆಗಿದ್ದ ಬಾಲು ಬರೆದ 'ಆನೆ ಎದುರಾದಾಗ' ತೊಂಬತ್ತಾರು ಪುಟ. ಸಾರಾಂಶ ಓಡಿ ಎಂಬ ಒಂದೇ ಮಾತು. ಮೋಹಿತ್ ಎಂಬ ಇಂಜಿನಿಯರಿಂಗ್ ಹುಡುಗನ ಕಾದಂಬರಿಯಲ್ಲಿ ಮಂಗಳ ಗ್ರಹದವರು ಬಿಸಿಲೆ ಘಾಟಿಯಲ್ಲೇ ಇಳಿಯುತ್ತಾರೆ, ಇಳಿದವರು ಶುದ್ಧ ಗ್ರಂಥಸ್ಥ ಕನ್ನಡ ಮಾತಾಡುತ್ತಾರೆ. ನಸ್ರುಲ್ಲಾ ಸಾಹೇಬರ ತಾಯಿ ಬೀಬಿಜಾನ್ ಹೇಳಿ ಬರೆಸಿದ ಅಡುಗೆ ಪುಸ್ತಕದಲ್ಲಿ ಅಳತೆ ಎಂಬುದೇ ಇಲ್ಲ. "ಉಪ್ಪು, ನಿಮ್ಮ ಮನೆಯವರು ಬೈಯದಷ್ಟು" ಎಂದಿದೆ. ಅದೊಂದನ್ನು ನಾನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಒಂದು ಪತ್ತೇದಾರಿ ಕಾದಂಬರಿಗೆ ಯೋಗಣ್ಣ ತಾನೇ ಬೆನ್ನುಡಿ ಬರೆದ, ಬರೆಯುವ ಉತ್ಸಾಹದಲ್ಲಿ ಕೊಲೆಗಾರ ಯಾರೆಂದು ಅದರಲ್ಲೇ ಹೇಳಿಬಿಟ್ಟ. ಇನ್ನು 'ಬೀಳ್ಕೊಡುಗೆ ಭಾಷಣಗಳು' ಎಂಬ ಘನ ಗ್ರಂಥದಲ್ಲಿ ಹೆಸರು ತುಂಬಲು ಚುಕ್ಕೆ ಚುಕ್ಕೆ ಜಾಗ ಬಿಟ್ಟಿದೆ. ಎರಡು ತಾಲ್ಲೂಕಿನ ಮೇಷ್ಟ್ರುಗಳು ಅದನ್ನು ಕೊಂಡರು. ಆಮೇಲೆ ನಿವೃತ್ತರಾದವರೆಲ್ಲ ಒಂದೇ ಥರ ಸರಳರೂ ಸಜ್ಜನರೂ ಆಗಿದ್ದಾರೆ.

"ಬೇಡ ಅನ್ನೋ ಮಾತು ನಿನ್ನ ಬಾಯಲ್ಲಿ ಬರೋದೇ ಇಲ್ವಾ ಯೋಗಣ್ಣ?" ಎಂದು ಒಮ್ಮೆ ಕೇಳಿದ್ದೆ.

"ಅವ್ರಿಗೆ ಹೇಳೋದೇನೋ ಇರ್ತದೆ ಕಣೆ ಚೈತ್ರಾ. ನಾನ್ಯಾರು ಬ್ಯಾಡ ಅನ್ನಕ್ಕೆ?" ಎಂದ.

ಕೇಳಲು ದೊಡ್ಡ ಮಾತು. ಅದನ್ನು ಔದಾರ್ಯ ಎಂದು ನಂಬಿದವರು ಬೇಕಾದಷ್ಟು ಜನ ಇದ್ದಾರೆ. ಎರಡು ಸಂಘದವರು ಶಾಲು ಹೊದಿಸಿದ್ದಾರೆ. ಹದಿಮೂರು ವರ್ಷ ಅವನ ಎದುರು ಕೂತು ಟೈಪ್ ಮಾಡಿದ ನನಗೆ ಅದು ಔದಾರ್ಯವಲ್ಲ, ಹೆದರಿಕೆ ಎಂದು ಗೊತ್ತು. ಎದುರು ನಿಂತವರ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯ ಆ ಮನುಷ್ಯನಿಗಿಲ್ಲ. ಹೋಟೆಲಿನಲ್ಲಿ ಹುಳಿ ಬಂದ ಚಟ್ನಿ ಬಡಿಸಿದರೂ ಚೆನ್ನಾಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾನೆ.

ಪ್ರಕಾಶಕನಾಗುವ ಮೊದಲು ಹತ್ತೊಂಬತ್ತು ವರ್ಷ ಬೆಳಗೋಡಿನ ಹತ್ತಿರದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು, ಗೊಬ್ಬರ ಎಲ್ಲಿಗೆ ಎಷ್ಟು ಹೋಯಿತು ಎಂದು ಬರೆಯುವುದು, ಸಾಹುಕಾರರು ಬಂದಾಗ ಎದ್ದು ನಿಲ್ಲುವುದು. ಸಾಹುಕಾರ ಕೃಷ್ಣಪ್ಪನವರು ಬದುಕಿದ್ದ ತನಕವೂ, ಕೆಲಸ ಬಿಟ್ಟು ಹದಿನೈದು ವರ್ಷವಾದ ಮೇಲೂ, ಅವರ ಜೀಪು ಮಂಡಿಯ ಮುಂದೆ ನಿಂತರೆ ಮಹಡಿಯ ಮೇಲೆ ಇವನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಅವರಿಗೆ ಕಾಣಿಸುವುದಿಲ್ಲ ಎಂದು ಗೊತ್ತಿದ್ದೂ.

ಆ ಕೃಷ್ಣಪ್ಪನವರು ಹೋದ ಮಾಘ ಮಾಸದಲ್ಲಿ ತೀರಿಕೊಂಡರು. ಕತೆ ಶುರುವಾಗುವುದು ಅಲ್ಲಿಂದ.

ನಮ್ಮ ಕಡೆ ಈಗ ಹೊಸದೊಂದು ಶೋಕಿ ಬಂದಿದೆ. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಹಿರಿಯರು ಹೋದರೆ ಹನ್ನೊಂದನೇ ದಿನದ ತಿಥಿಗೆ ಬಂದವರಿಗೆಲ್ಲ ಊಟದ ಜೊತೆ ಒಂದು ಪುಸ್ತಕ ಕೊಡುತ್ತಾರೆ. ಮುಖಪುಟದಲ್ಲಿ ಸತ್ತವರ ಫೋಟೋ, ಒಳಗೆ ಮಕ್ಕಳು, ಅಳಿಯಂದಿರು, ಸೊಸೈಟಿ ಅಧ್ಯಕ್ಷರು ಬರೆದ ಹೊಗಳಿಕೆ. ಬದುಕಿದ್ದಾಗ ಒಂದು ಲೋಟ ನೀರು ಕೊಡದ ಸೊಸೆ 'ನನ್ನ ಪಾಲಿನ ದೇವರು' ಎಂದು ಎರಡು ಪುಟ ಬರೆದದ್ದನ್ನು ನಾನೇ ಟೈಪ್ ಮಾಡಿದ್ದೇನೆ. ಗದ್ದೆಬಯಲು ಪ್ರಕಾಶನ ಇವತ್ತು ಉಸಿರಾಡುತ್ತಿರುವುದು ಈ ತಿಥಿ ಪುಸ್ತಕಗಳಿಂದ. ಹತ್ತು ದಿನದಲ್ಲಿ ಬರೆಸಿ, ಟೈಪ್ ಮಾಡಿಸಿ, ಹಾಸನದಲ್ಲಿ ಅಚ್ಚು ಹಾಕಿಸಿ ತರಬೇಕು. ಅದಕ್ಕೇ ಯಾರಾದರೂ ಹಾಸಿಗೆ ಹಿಡಿದಿದ್ದಾರೆ ಎಂದು ಕಿವಿಗೆ ಬಿದ್ದರೆ ಯೋಗಣ್ಣ ಕಿತ್ತಳೆ ಹಣ್ಣು ಹಿಡಿದು ನೋಡಲು ಹೋಗುತ್ತಾನೆ, ಹಾಗೇ ಗೋಡೆಯ ಮೇಲೆ ಯಾವ ಫೋಟೋ ಚೆನ್ನಾಗಿದೆ ಎಂದು ನೋಡಿ ಬರುತ್ತಾನೆ. ಆಲೂರಿನ ಒಬ್ಬ ಅಜ್ಜಿ ಇವನು ಬಾಗಿಲಲ್ಲಿ ಕಾಣಿಸಿದ ತಕ್ಷಣ "ನಂಗಿನ್ನೂ ಟೈಮ್ ಐತೆ, ಹೋಗಪ್ಪ" ಎಂದಳಂತೆ.

ಈ ತಿಥಿ ಪುಸ್ತಕಗಳಲ್ಲಿ ಅವನದೇ ಒಂದು ಪದ್ಧತಿ ಇತ್ತು. ಎಷ್ಟೇ ದೊಡ್ಡ ಮನೆಯವರಾಗಲಿ, ಕೊನೆಯಲ್ಲಿ ಒಂದು ಪುಟ ತೋಟದ ಲೈನಿನಲ್ಲಿ, ಅಂದರೆ ಸಾಹುಕಾರರು ಕಟ್ಟಿಸಿಕೊಟ್ಟ ಸಾಲು ಮನೆಗಳಲ್ಲಿ, ಇರುವ ಆಳುಗಳಿಗೆ. ಅದಕ್ಕೆ 'ಲೈನಿನ ಪುಟ' ಎಂದೇ ಹೆಸರು. ಅವನೇ ಹೋಗಿ ಯಾರಾದರೊಬ್ಬರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಾನೆ, ನಾನು ಕೇಳಿ ಕೇಳಿ ಟೈಪ್ ಮಾಡುತ್ತೇನೆ. ಹೇಳಿದ್ದರಲ್ಲಿ ಒಂದಕ್ಷರ ಬದಲಾಯಿಸಬಾರದು ಎಂಬುದು ಕರಾರು. ಅವನು ಜೀವನದಲ್ಲಿ ಹಾಕಿದ ಕರಾರು ಅದೊಂದೇ ಇರಬೇಕು. ಮನೆಯವರೂ ತಕರಾರು ಮಾಡುತ್ತಿರಲಿಲ್ಲ. ಯಾಕೆ ಮಾಡುತ್ತಾರೆ? ಲೈನಿನವರು ಹೇಳುವುದು ಒಂದೇ, ದೇವರಂಥ ಸಾವ್ಕಾರ್ರು, ನಮ್ಮನ್ನ ಮಕ್ಕಳ ಥರ ನೋಡ್ಕಂಡ್ರು. ಸತ್ತವರ ಮಗ ಪಕ್ಕದಲ್ಲೇ ಕೆಲಸ ಕೊಡುವವನಾಗಿ ಬದುಕಿರುವಾಗ ಬೇರೇನು ಹೇಳಿಯಾರು? ಯಾಕೆ ಈ ಪುಟ ಎಂದು ಕೇಳಿದರೆ ಯೋಗಣ್ಣ ಚಾವಣಿ ನೋಡುತ್ತಿದ್ದ. ಜನರ ಕಣ್ಣಲ್ಲಿ ದೊಡ್ಡವನಾಗುವ ನಾಟಕ ಎಂದು ನಾನು ಅಂದುಕೊಂಡಿದ್ದೆ.

ಕೃಷ್ಣಪ್ಪನವರು ತೀರಿಕೊಂಡ ನಾಲ್ಕನೇ ದಿನ ಅವನು ಆ ಎಸ್ಟೇಟಿನ ಲೈನಿಗೆ ಹೋಗಿ ಮಾದೇವಮ್ಮ ಎಂಬ ಹೆಂಗಸಿನ ಮಾತು ರೆಕಾರ್ಡ್ ಮಾಡಿಕೊಂಡು ಬಂದ. ಫೋನನ್ನು ನನ್ನ ಮೇಜಿನ ಮೇಲೆ ಇಟ್ಟು, ಟೀ ಕುಡಿದು ಬರುತ್ತೇನೆ ಎಂದು ಹೊರಗೆ ಹೋದ. ಸಾಮಾನ್ಯವಾಗಿ ಎದುರಿಗೇ ಕೂತು ತಲೆ ತಿನ್ನುವವನು. ನಾನು ಕಿವಿಗೆ ಹಾಕಿಕೊಂಡೆ.

"ಬರ್ಕಳಿ ರೈಟರ್ರೆ. ನಮ್ ಸಾವ್ಕಾರ್ರು ಒಳ್ಳೇರು ಅಂತ ಬೇಕಾದ್ರೆ ಹಾಕ್ಕಳಿ, ಸತ್ತೋರ್ ಮ್ಯಾಲೆ ನಂದೇನೂ ಇಲ್ಲ. ಒಂದ್ ಮಾತು ಮಾತ್ರ ಬುಡಬ್ಯಾಡಿ. ನನ್ ಗಂಡ ಕುಳ್ಳಯ್ಯ ಕುಡ್ದು ಜೇನು ಕೀಳಕ್ ಹತ್ತಿರ್ಲಿಲ್ಲ. ಅವತ್ತು ಮರಗಸಿ ಇತ್ತು. ಸಾವ್ಕಾರ್ರೇ ಕೆಳಗ್ ನಿಂತ್ಕಂಡು ಆ ಸಿಲ್ವರ್ ಮರ ಹತ್ತು ಅಂದ್ರು. ಮಳೆ ಬಂದು ಮರ ಜಾರ್ತಿತ್ತು. ಬೆಳಿಗ್ಗೆ ಹಾಜರಿ ಕೂಗ್ದಾಗ ನನ್ ಗಂಡ ಓ ಅಂದಿದ್ದ, ನಾನ್ ಪಕ್ಕದಲ್ಲೇ ನಿಂತಿದ್ದೆ. ಅವ್ನು ಅವತ್ತು ಕೆಲಸಕ್ಕೆ ಬಂದಿದ್ದ. ಅಷ್ಟ್ ಹಾಕಿ ಸಾಕು. ಹಾಜರಿ ಕೂಗ್ದೋರು ನೀವೇ ಅಲ್ವಾ?"

ಆಮೇಲೆ ರೆಕಾರ್ಡಿಂಗಿನಲ್ಲಿ ಒಂದು ಕೋಳಿ ಕೂಗಿದೆ, ಅಷ್ಟೆ.

ಮರಗಸಿ ಎಂದರೆ ಮಳೆಗಾಲಕ್ಕೆ ಮುಂಚೆ ತೋಟದ ನೆರಳಿನ ಮರಗಳನ್ನು ಹತ್ತಿ ರೆಂಬೆ ಕಡಿಯುವ ಕೆಲಸ. ಪ್ರತಿ ವರ್ಷ ಎಲ್ಲೋ ಒಬ್ಬರು ಬೀಳುತ್ತಾರೆ. ನನ್ನ ಕೈ ನಿಂತದ್ದು ಅದರಿಂದಲ್ಲ. ಕುಳ್ಳಯ್ಯನ ಕತೆ ನನಗೆ ಗೊತ್ತಿತ್ತು. ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಆರು ವರ್ಷದ ಹಿಂದೆ ಇದೇ ಕೃಷ್ಣಪ್ಪನವರು 'ತೋಟದ ಕೀಟಲೆ' ಎಂಬ ಹಾಸ್ಯ ಲೇಖನಗಳ ಪುಸ್ತಕ ಬರೆದಿದ್ದರು. ಪ್ರಕಾಶಕರು, ಮತ್ತೆ ಯಾರು, ಗದ್ದೆಬಯಲು. ಅದರಲ್ಲಿ 'ಜೇನು ಕುಳ್ಳಯ್ಯ' ಎಂದೊಂದು ಪ್ರಸಂಗ. ಕೆಲಸಕ್ಕೆ ಚಕ್ಕರ್ ಹೊಡೆದ ಆಳು ಕುಡಿದು ಮರ ಹತ್ತಿ, ಜೇನುಗೂಡಿಗೆ ಕೈ ಹಾಕುವ ಬದಲು ತನ್ನ ಟೋಪಿಗೇ ಕೈ ಹಾಕಿ, ದೊಪ್ಪನೆ ಬೀಳುವ ಕತೆ. ಅವರ ಪುಸ್ತಕದಲ್ಲಿ ಅವನು ಸಾಯುವುದಿಲ್ಲ, ಸೊಂಟ ಹಿಡಿದುಕೊಂಡು ಸಾಹುಕಾರರ ಕಾಲಿಗೆ ಬೀಳುತ್ತಾನೆ. ನಮ್ಮ ಅರವತ್ತಮೂರರಲ್ಲಿ ಎರಡನೇ ಮುದ್ರಣ ಕಂಡ ಪುಸ್ತಕಗಳು ಎರಡೇ, ಬೀಳ್ಕೊಡುಗೆ ಭಾಷಣ ಮತ್ತು ಇದು. ಟೈಪ್ ಮಾಡುವಾಗ ನಾನು ನಕ್ಕಿದ್ದೆ. ಪಕ್ಕದ ಜೆರಾಕ್ಸ್ ಅಂಗಡಿಯವಳನ್ನು ಕರೆದು ಓದಿ ಹೇಳಿ ಅವಳನ್ನೂ ನಗಿಸಿದ್ದೆ.

ಯೋಗಣ್ಣ ವಾಪಸ್ ಬಂದ ಮೇಲೆ, ಇಷ್ಟು ವರ್ಷ ಸುಮ್ಮನಿದ್ದ ಹೆಂಗಸು ಈಗೇಕೆ ಬಾಯಿ ಬಿಟ್ಟಳು ಎಂದು ಕೇಳಿದೆ. ಹೋದ ತಿಂಗಳು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹುಡುಗರು ಆ ಪ್ರಸಂಗವನ್ನು ನಾಟಕ ಆಡಿದರಂತೆ. ಒಬ್ಬ ಬಾಟಲಿ ಹಿಡಿದು ತೂರಾಡುತ್ತ ಬೆಂಚಿನ ಮೇಲೆ ಹತ್ತಿ ಬಿದ್ದನಂತೆ, ಸಭೆಯೆಲ್ಲ ಚಪ್ಪಾಳೆ. ಸಭೆಯಲ್ಲಿ ಪಿಯುಸಿ ಓದುವ ಪೂಜಿತಾ ಕೂತಿದ್ದಳು. ಅವಳು ಮಾದೇವಮ್ಮನ ಮೊಮ್ಮಗಳು. ಅವತ್ತಿನಿಂದ ಆ ಹುಡುಗಿ ಕಾಲೇಜಿಗೆ ಹೋಗಿಲ್ಲ. ಹುಡುಗರು ಅವಳನ್ನು ಜೇನು ಎಂದು ಕೂಗುತ್ತಾರಂತೆ.

"ಅಜ್ಜ ಅವತ್ತು ಕೆಲಸದಲ್ಲಿದ್ದ ಅಂತ ಅಚ್ಚಾಗಿ ಬಂದ್ರೆ ಮೊಮ್ಮಗಳು ಅದನ್ನ ಹಿಡ್ಕಂಡು ಹೋಗ್ತಾಳಂತೆ" ಎಂದ ಯೋಗಣ್ಣ. "ಪುಸ್ತಕಕ್ಕೆ ಪುಸ್ತಕದಲ್ಲೇ ಉತ್ರ ಕೊಡಿ ಅಂದ್ಲು ಮಾದೇವಮ್ಮ."

ನಾನು ಒಂದಕ್ಷರ ಬದಲಾಯಿಸದೆ ಟೈಪ್ ಮಾಡಿದೆ.

ಏಳನೇ ದಿನ ಕರಡು ನೋಡಲು ಕೃಷ್ಣಪ್ಪನವರ ಮಗ ರಾಜೇಶ್ ಮಹಡಿಗೆ ಬಂದರು. ಕರಡು ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ತಲೆ ಬೋಳಿಸಿಕೊಂಡಿದ್ದರು, ಕೈಯಲ್ಲಿ ಎರಡು ಫೋನು. ಅಳಿಯಂದಿರ ಹೊಗಳಿಕೆ, ಸೊಸೈಟಿ ಅಧ್ಯಕ್ಷರ ಹೊಗಳಿಕೆ ಎಲ್ಲ ಸರಸರ ತಿರುವಿ ಹಾಕಿದರು. ಕೊನೆಯ ಪುಟಕ್ಕೆ ಬಂದಾಗ ನಿಂತರು.

"ಯೋಗಾನಂದ, ಏನಿದು?"

"ಲೈನಿನ ಪುಟ ಸಾರ್."

"ಅದು ಗೊತ್ತು. ಇದೇನು ಅಂತ ಕೇಳಿದ್ದು. ಸತ್ತ ಮನೇಲಿ ಉಣ್ಣಕ್ಕೆ ಬಂದೋರು ಇದನ್ನ ಓದ್ಬೇಕಾ? ಅಪ್ಪನ ಬಗ್ಗೆ ಒಳ್ಳೇ ಮಾತಾಡೋರು ಲೈನಲ್ಲಿ ನಲವತ್ತು ಜನ ಅವ್ರೆ. ನಿಂಗೆ ಈ ಮುದುಕೀನೇ ಸಿಕ್ಕಿದ್ಳಾ?"

"ಅವ್ರೇ ಕರ್ದು ಹೇಳಿದ್ರು ಸಾರ್."

"ಹೇಳ್ತಾಳೆ. ಆಗ ರೈಟರ್ ಆಗಿದ್ದೋನು ನೀನೇ ತಾನೇ? ಅವ್ನು ಅವತ್ತು ಗೈರು ಅಂತ ಹಾಜರಿ ಪುಸ್ತಕದಲ್ಲಿ ನಿನ್ ಕೈಯಾರೆ ಬರ್ದಿದ್ದೀಯ. ಪೊಲೀಸ್ನೋರು ಬಂದಾಗ ತೋರ್ಸಿದ್ದೂ ಅದೇ ಪುಸ್ತಕ. ಈಗ ನೀನೇ ಇದನ್ನ ಅಚ್ಚು ಹಾಕ್ತೀಯಾ? ಯಾವ್ದಪ್ಪ ನಿಜ?"

ನಾನು ಯೋಗಣ್ಣನ ಮುಖ ನೋಡಿದೆ. ಅವನು ರಾಜೇಶರ ಚಪ್ಪಲಿ ನೋಡುತ್ತಿದ್ದ.

"ತೆಗೀತೀನಿ ಸಾರ್" ಎಂದ.

ರಾಜೇಶ್ ಇಳಿದು ಹೋಗುವವರೆಗೆ ನಾನು ಹಲ್ಲು ಕಚ್ಚಿ ಕೂತಿದ್ದೆ. ಆಮೇಲೆ ಬಾಯಿಗೆ ಬಂದ ಹಾಗೆ ಬೈದೆ. ಕೆಳಗೆ ಮಂಡಿಯಲ್ಲಿ ಕಾಫಿ ತೂಗುತ್ತಿದ್ದವರು ತಕ್ಕಡಿ ನಿಲ್ಲಿಸಿ ಕೇಳಿಸಿಕೊಂಡರಂತೆ. ಮರದಿಂದ ಬಿದ್ದು ಸತ್ತವನನ್ನು ಗೈರು ಮಾಡಿದ್ದಲ್ಲದೆ, ಅದರ ಮೇಲೆ ಜೋಕು ಕಟ್ಟಿ ಅವನ ಸಾಹುಕಾರ ತಂದಾಗ ಅದನ್ನೂ ಅಚ್ಚು ಹಾಕಿದೆಯಲ್ಲ, ನಿನಗೆ ಮರ್ಯಾದೆ ಎಂಬುದು ಇದೆಯಾ ಎಂದೆ. ಲೈನಿನ ಪುಟ ಯಾವ ಪಾಪ ತೊಳೆಯಲು ಎಂದು ಆಗ ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೂ ಹೇಸಿಗೆಯಾಯಿತು. ಕುಳ್ಳಯ್ಯನ ಹೆಂಡತಿಯ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಎನ್ನುವುದನ್ನು ಬಿಟ್ಟು, ಊರಿನ ಎಲ್ಲ ತೋಟಗಳ ಆಳುಗಳಿಂದ ದೇವರಂಥವರು, ದೇವರಂಥವರು ಎಂದು ಹೇಳಿಸಿ ಪುಟ ತುಂಬಿಸಿದ್ದ.

"ಸಾವ್ಕಾರ್ರು ಹೇಳಿದ್ರು ಕಣೆ" ಎಂದ ಮೆಲ್ಲಗೆ. "ನಂಗಾಗ ಮೂವತ್ತೆರಡು. ಹೆಂಡ್ತಿ ಬಸ್ರಿ. ಬರೀದಿದ್ರೆ ಆಚೆ ಹಾಕ್ತಿದ್ರು."

ಬಸುರಿ ಹೆಂಡತಿಯ ನೆಪ ಇಲ್ಲದ ಹೇಡಿ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಅದನ್ನೂ ಅವನ ಮುಖದ ಮೇಲೆ ಹೇಳಿ ನನ್ನ ಅಂಗಡಿಗೆ ಹೋದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಒಂದು ಹಾಳೆ. ಮಾದೇವಮ್ಮನ ಮಾತಿನ ಕೆಳಗೆ ಇದನ್ನು ಸೇರಿಸು ಎಂದ. ಹಳೆಯ ರೈಟರಿನ ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದ: 'ಆ ದಿನ ಕುಳ್ಳಯ್ಯನವರು ಕೆಲಸಕ್ಕೆ ಬಂದಿದ್ದರು. ಹಾಜರಿ ಕೂಗಿದವನು ನಾನು, ಅವರು ಓ ಎಂದದ್ದನ್ನು ಕೇಳಿದವನು ನಾನು. ಸಂಜೆ ಅದನ್ನು ಅಳಿಸಿ ಗೈರು ಎಂದು ಬರೆದವನೂ ನಾನೇ. ಯೋಗಾನಂದ, ಆಗಿನ ರೈಟರ್.'

ಓದಿದೆ. ಸುಳ್ಳು ಯಾಕೆ ಹೇಳಲಿ, ಈ ಮನುಷ್ಯನ ಬಗ್ಗೆ ಹದಿಮೂರು ವರ್ಷದಲ್ಲಿ ಮೊದಲ ಸಲ ನನಗೆ ಅಭಿಮಾನ ಬಂತು. ಅವನಿಗೆ ಕುರ್ಚಿ ಹಾಕಿ ಟೀ ತರಿಸಿದೆ. ಕೂತು ಸರಸರ ಟೈಪ್ ಮಾಡಿದೆ. ರಾಜೇಶ್ ಹಾರಾಡಲಿ, ನೋಡಿಕೊಳ್ಳೋಣ ಎಂದೆ.

ಅವನು ಟೀ ಮುಗಿಸಿ ಲೋಟ ಕೆಳಗಿಟ್ಟ. "ಇದು ಒಂದ್ ಪ್ರತಿ ಸಾಕು ಮಾರಾಯ್ತಿ" ಎಂದ.

"ಅಂದ್ರೆ?"

"ಮಾದೇವಮ್ಮನಿಗೆ ಒಂದು. ಉಳಿದ ಐನೂರಲ್ಲಿ ಆ ತೋಟದ ಮೇಸ್ತ್ರಿ ಹೆಂಡ್ತಿ ಹೇಳಿದ್ದನ್ನ ಹಾಕು, ನಿನ್ನೆ ಸಂಜೆ ಹೋಗಿ ರೆಕಾರ್ಡ್ ಮಾಡ್ಕಂಡು ಬಂದಿದ್ದೀನಿ. ಹಾಸನದವ್ರಿಗೆ ಎರಡು ಫೈಲ್ ಕಳ್ಸಿದ್ರೆ ಮಾಡ್ಕೊಡ್ತಾರೆ. ಅವ್ರಿಗೂ ಬ್ಯಾಜಾರಿಲ್ಲ, ಇವ್ರಿಗೂ ಬ್ಯಾಜಾರಿಲ್ಲ."

ಆ ಹಾಳೆಯನ್ನು ಅವನ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಬೈದೆ, ಹೌದು, ಬೈಯುತ್ತಲೇ ಎರಡೂ ಫೈಲ್ ಮಾಡಿದೆ. ಒಂದಕ್ಕೆ ಐನೂರು ಎಂದು, ಇನ್ನೊಂದಕ್ಕೆ ಒಂದು ಎಂದು ಬರೆದು ಕಳಿಸಿದೆ. ಒಂದಾದರೂ ಇರಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಬಾಯಿಗಿರುವ ಧೈರ್ಯ ನನ್ನ ಕೈಗಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆ.

ಹನ್ನೊಂದನೇ ದಿನ ತಿಥಿ ಜೋರಾಗಿ ನಡೆಯಿತು. ಊಟ ಮಾಡಿ ಕೈ ತೊಳೆದವರ ಕೈಗೆ ಒಂದೊಂದು ಪುಸ್ತಕ. ಅಳಿಯ ಮೈಕಿನಲ್ಲಿ ಲೈನಿನ ಪುಟವನ್ನೇ ಓದಿದ: ದೇವರಂಥ ಸಾವ್ಕಾರ್ರು, ನಮ್ಮನ್ನ ಮಕ್ಕಳ ಥರ ನೋಡ್ಕಂಡ್ರು. ಸೊಸೈಟಿ ಅಧ್ಯಕ್ಷರು ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು. ರಾಜೇಶ್ ಯೋಗಣ್ಣನ ಬೆನ್ನು ತಟ್ಟಿದರು. ಇವನು ಎಲೆಯ ಮುಂದೆ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡ.

ಅದಾಗಿ ಮೂರು ದಿನಕ್ಕೆ, ಭಾನುವಾರ, ಆ ಒಂದು ಪ್ರತಿ ಹಿಡಿದು ಬೆಳಗೋಡಿಗೆ ಹೊರಟ. ಒಬ್ಬನೇ ಹೋಗಲು ಆಗುವುದಿಲ್ಲ, ಬಾ ಎಂದು ಗೋಗರೆದ. ಹೋದೆ. ಲೈನಿನ ಕೊನೆಯ ಮನೆ ಮಾದೇವಮ್ಮನದು. ಜಗಲಿಯ ಮೇಲೆ ಮೆಣಸು ಒಣಹಾಕಿದ್ದಳು. ನಮ್ಮನ್ನು ಕಂಡು ಮೆಣಸನ್ನು ಒಂದು ಕಡೆ ಸರಿಸಿ ಚಾಪೆ ಹಾಕಿದಳು. ಎಪ್ಪತ್ತರ ಆಸುಪಾಸಿನ ಸಣ್ಣ ಆಕೃತಿ, ನೆಟ್ಟಗಿನ ಬೆನ್ನು.

"ತಂದ್ರಾ ರೈಟರ್ರೆ?"

ಯೋಗಣ್ಣ ಎರಡೂ ಕೈಯಲ್ಲಿ ಪುಸ್ತಕ ಕೊಟ್ಟ. ಅವಳು ಸೆರಗಿಗೆ ಕೈ ಒರೆಸಿ ತೆಗೆದುಕೊಂಡು ಒಳಗೆ ಕೂಗಿದಳು. ಪೂಜಿತಾ ಬಂದಳು. ಕೊನೆಯ ಪುಟ ತೆಗೆದು ನಿಂತುಕೊಂಡೇ ಗಟ್ಟಿಯಾಗಿ ಓದಿದಳು. ಅಜ್ಜಿಯ ಮಾತು, ಅದರ ಕೆಳಗೆ ರೈಟರಿನ ಮಾತು. ಗೈರು ಎಂದು ಬರೆದವನೂ ನಾನೇ ಎಂಬಲ್ಲಿಗೆ ಬಂದಾಗ ಹುಡುಗಿ ತಲೆಯೆತ್ತಿ ಯೋಗಣ್ಣನನ್ನು ನೋಡಿದಳು. ಮಾದೇವಮ್ಮ ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದು ಸಲ ಓದು ಎಂದಳು. ಇನ್ನೊಂದು ಸಲ ಕೇಳಿದ ಮೇಲೆ ಪುಟದ ಮೇಲೆ ಅಂಗೈ ಇಟ್ಟಳು. ಯೋಗಣ್ಣ ಕಣ್ಣಲ್ಲಿ ನೀರು ಹಾಕಿಕೊಂಡ. ಅಷ್ಟಕ್ಕೇ ಎದ್ದು ಹೋಗಿದ್ದರೆ ಅವನು ಬದುಕಿಡೀ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಪೂಜಿತಾ ಪುಸ್ತಕವನ್ನು ತಿರುಗಿಸಿ ನೋಡಿದಳು. "ಅಜ್ಜೀ, ತಿಥಿ ದಿನ ನಮ್ಗೂ ಒಂದು ಕಳ್ಸಿದ್ರಲ್ಲ, ರೈಟರ್ರೇ ತರ್ತಾರೆ ಅಂತ ನೀನು ತೆಗೆಯಕ್ಕೆ ಬಿಡ್ಲಿಲ್ಲ" ಎಂದು ಒಳಗೆ ಹೋಗಿ ದೇವರ ಗೂಡಿನ ಪಕ್ಕದಿಂದ ಇನ್ನೊಂದು ಪ್ರತಿ ತಂದಳು. ಅದೇ ಮುಖಪುಟ, ಅದೇ ಕೃಷ್ಣಪ್ಪನವರು. ಕೊನೆಯ ಪುಟ ತೆಗೆದು ಅದನ್ನೂ ಓದಿದಳು. ದೇವರಂಥ ಸಾವ್ಕಾರ್ರು. ಓದಿ ಮುಗಿಸಿ ಎರಡೂ ಪುಸ್ತಕಗಳನ್ನು ಅಜ್ಜಿಯ ಮುಂದೆ ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟಳು.

ಮಾದೇವಮ್ಮನಿಗೆ ಓದು ಬರಹ ಗೊತ್ತಿಲ್ಲ, ಆದರೂ ಎರಡು ಪುಟಗಳನ್ನೂ ತುಂಬ ಹೊತ್ತು ನೋಡಿದಳು.

"ಎಲ್ರಿಗೂ ಹಂಚಿದ್ದು ಯಾವ್ದು ರೈಟರ್ರೆ?"

ಯೋಗಣ್ಣ ಮೆಣಸಿನ ರಾಶಿ ನೋಡಿದ.

"ಇದೆಷ್ಟು ಮಾಡ್ಸಿದ್ದೀರಿ?"

"ಒಂದು" ಎಂದೆ ನಾನು. ಅವನು ಹೇಳುವ ಹಾಗೆ ಕಾಣಲಿಲ್ಲ.

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನಾವು ತಂದ ಪುಸ್ತಕವನ್ನು ಮುಚ್ಚಿ, ಅವನು ಕೊಟ್ಟ ಹಾಗೆಯೇ ಎರಡೂ ಕೈಯಲ್ಲಿ ಅವನ ಕಡೆ ಚಾಚಿದಳು.

"ತಗಳಿ. ನನ್ ಗಂಡ ಕೆಲಸಕ್ಕೆ ಬಂದಿದ್ದ ಅಂತ ನಂಗೊತ್ತು, ನಿಮಗೂ ಗೊತ್ತು. ಗೊತ್ತಿರೋರ ಮನೇಲಿ ಇದನ್ ಇಟ್ಕಂಡು ಏನ್ ಮಾಡಾನ? ಗೊತ್ತಿಲ್ದೋರಿಗೆ ಕೊಡಿ."

ಯೋಗಣ್ಣ ಕೈ ಚಾಚಲಿಲ್ಲ. ಅವಳೂ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ ನಾನು ತೆಗೆದುಕೊಂಡೆ. ಪೂಜಿತಾ ಮೆಣಸನ್ನು ಮತ್ತೆ ಹರವತೊಡಗಿದಳು. ಹೊರಡಿ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಬೆಳಗೋಡಿನ ಬಸ್ ನಿಲ್ದಾಣದಲ್ಲಿ ಹತ್ತು ಹನ್ನೆರಡು ಜನ ಇದ್ದರು. ಸಂತೆ ಚೀಲ ಹಿಡಿದ ಹೆಂಗಸರು, ಆ ಎಸ್ಟೇಟಿನ ಮೇಸ್ತ್ರಿ, ಕಾಲೇಜಿನ ಮೂರು ಹುಡುಗರು. ಹುಡುಗರು ಏನೋ ಹೇಳಿಕೊಂಡು ನಗುತ್ತಿದ್ದರು. ನಾನು ಪುಸ್ತಕದ ಕೊನೆಯ ಪುಟ ತೆಗೆದು ಯೋಗಣ್ಣನ ಕೈಗಿಟ್ಟೆ.

"ಓದು" ಎಂದೆ. "ಗಟ್ಟಿಯಾಗಿ ಓದು. ಅಚ್ಚು ಗಿಚ್ಚು ಏನೂ ಬೇಡ."

ಅವನು ಸುತ್ತ ನೋಡಿದ.

"ಜನ ಅವ್ರೆ ಕಣೆ ಚೈತ್ರಾ."

"ಅದಕ್ಕೇ ಓದು ಅಂದಿದ್ದು."

ಅವನು ಪುಟ ನೋಡಿದ. ಒಮ್ಮೆ ಗಂಟಲು ಸರಿಮಾಡಿಕೊಂಡ. ಮೇಸ್ತ್ರಿ ಇತ್ತ ತಿರುಗಿ, "ಏನ್ ರೈಟರ್ರೆ, ಹೊಸ ಪುಸ್ತಕವಾ?" ಎಂದ. ಹುಡುಗರೂ ನಗು ನಿಲ್ಲಿಸಿ ನೋಡಿದರು. ನಾನು ಕಾದೆ.

"ಹಳೇದು" ಎಂದ ಯೋಗಣ್ಣ.

ಬಸ್ಸು ಬಂತು. ಎಲ್ಲರಿಗಿಂತ ಮೊದಲು ಅವನೇ ಹತ್ತಿದ.